ಗುಜರಿ ಡಬ್ಬಿಗೆ ಬೀಳುತ್ತಿರುವ ಲಾಭವನ್ನು ಉಳಿಸಿಕೊಳ್ಳುವುದು ಹೇಗೆ

ಕಾರ್ಖಾನೆಯಲ್ಲಿ ಲಾಭ ಇಳಿದರೆ ಮೊದಲು ತಲೆಗೆ ಬರುವುದು ಎರಡೇ ದಾರಿ. ಆರ್ಡರ್ ಜಾಸ್ತಿ ತರಬೇಕು, ಇಲ್ಲವೇ ರೇಟು ಏರಿಸಬೇಕು. ಎರಡಕ್ಕೂ ಗ್ರಾಹಕರು ಒಪ್ಪಬೇಕು, ಅದು ನಮ್ಮ ಕೈಯಲ್ಲಿಲ್ಲ. ಆದರೆ ಈಗಾಗಲೇ ದುಡ್ಡು ಕೊಟ್ಟು ತಂದ ಮಾಲು, ಸಂಬಳ ಕೊಟ್ಟ ಗಂಟೆ, ಬಿಲ್ ಕಟ್ಟಿದ ಕರೆಂಟು, ಇವುಗಳಲ್ಲಿ ಎಷ್ಟು ಪೋಲಾಗಲು ಬಿಡುತ್ತೇವೆ ಅನ್ನುವುದು ನಮ್ಮ ಕೈಯಲ್ಲೇ ಇದೆ. ಅಲ್ಲಿಂದ ಶುರು ಮಾಡೋಣ.

ಒಂದು ಸಣ್ಣ ಲೆಕ್ಕ. 100 ಬೆಲೆಯ ಮಾಲು ಮಾರಿದರೆ 60 ಕಚ್ಚಾ ಮಾಲಿಗೆ ಹೋಗುತ್ತದೆ, 32 ಬೇರೆ ಖರ್ಚಿಗೆ, ಉಳಿದ 8 ಲಾಭ ಅಂದುಕೊಳ್ಳಿ. ಆ 60ರಲ್ಲಿ 5% ಗುಜರಿಯಾಗುತ್ತಿದ್ದರೆ ಅಲ್ಲಿಗೆ 3 ಹೋಯಿತು. ಅದನ್ನು ಅರ್ಧಕ್ಕೆ ಇಳಿಸಿದರೆ 1.5 ಉಳಿಯುತ್ತದೆ, ಲಾಭ 8ರಿಂದ 9.5 ಆಗುತ್ತದೆ. ಅಂದರೆ ಸುಮಾರು 19% ಏರಿಕೆ. (ಗುಜರಿ ಮಾರಿ ಬರುವ ದುಡ್ಡನ್ನು ಇಲ್ಲಿ ಸೇರಿಸಿಲ್ಲ. ಅದನ್ನು ಕಳೆದರೂ ಉಳಿತಾಯ ಸಣ್ಣದಲ್ಲ.) ಇಷ್ಟೇ ಲಾಭವನ್ನು ಮಾರಾಟದಿಂದ ತರಬೇಕು ಅಂದರೆ, ಎಲ್ಲ ಖರ್ಚೂ ಮಾರಾಟದ ಜೊತೆಗೇ ಏರುವ ಕಡೆ, ಮಾರಾಟವನ್ನೂ 19% ಏರಿಸಬೇಕು. ಯಾವುದು ಸುಲಭ ನೀವೇ ಹೇಳಿ.

ಗುಜರಿಗೆ ಸರಿಯಾದ ಬೆಲೆ ಕಟ್ಟಿ

ನಾನು ನೋಡಿರುವ ಮಟ್ಟಿಗೆ ತುಂಬಾ ಜನ ತಪ್ಪುವುದು ಇಲ್ಲೇ. ತಿಂಗಳ ಕೊನೆಗೆ ಗುಜರಿಯವನು ಬಂದು ತೂಕ ಹಾಕಿ ಕೊಟ್ಟ ದುಡ್ಡನ್ನು ಆದಾಯ ಅಂತ ಬರೆದುಕೊಳ್ಳುತ್ತಾರೆ. ಆ ಕಾಗದ ನೋಡಿದರೆ ನಷ್ಟ ಆಗಿದೆ ಅಂತಲೇ ಅನಿಸುವುದಿಲ್ಲ. ಅದೇ ಮಾಲಿಗೆ ನಾವು ಕೊಟ್ಟಿದ್ದೆಷ್ಟು ಅನ್ನುವುದು ಎಲ್ಲೂ ಕಾಣುವುದಿಲ್ಲ.

ಒಂದು ತುಂಡು ಆರು ಹಂತ ದಾಟಿ ಕೊನೆಯ ತಪಾಸಣೆಯಲ್ಲಿ ರಿಜೆಕ್ಟ್ ಆಯಿತು ಅಂತಿಟ್ಟುಕೊಳ್ಳಿ. ಅದರಲ್ಲಿ ಲೋಹ ಮಾತ್ರ ಇಲ್ಲ. ಆರು ಮಷೀನ್‌ಗಳ ಸಮಯ ಇದೆ, ಆರು ಜನರ ಕೆಲಸ ಇದೆ, ಟೂಲ್ ಸವೆತ ಇದೆ, ಕರೆಂಟು ಇದೆ. ಇದೇ ತುಂಡು ಮೊದಲ ಹಂತದಲ್ಲೇ ಸಿಕ್ಕಿಬಿದ್ದಿದ್ದರೆ ಹೋಗುತ್ತಿದ್ದದ್ದು ಲೋಹ ಮತ್ತು ಒಂದು ಹಂತದ ಖರ್ಚು ಅಷ್ಟೇ. ಪೋಲಾದ ಮಾಲಿಗೂ ಒಳ್ಳೆ ಮಾಲಿನಂತೆಯೇ ಖರ್ಚು ಹಂಚಿ ಲೆಕ್ಕ ಹಾಕುವ ಪದ್ಧತಿಗೆ ಅಂತಲೇ ಐಎಸ್ಒ 14051 ಅನ್ನುವ ಅಂತರರಾಷ್ಟ್ರೀಯ ಮಾನದಂಡ 2011ರಲ್ಲಿ ಬಂದಿದೆ. ಅಷ್ಟು ದೂರ ಹೋಗಬೇಕಿಲ್ಲ. ನಿಮ್ಮ ಮುಖ್ಯವಾದ ನಾಲ್ಕೈದು ಮಾಲು ತೆಗೆದುಕೊಳ್ಳಿ. ಪ್ರತಿ ಹಂತ ಮುಗಿದಾಗ ಒಂದು ತುಂಡಿನ ಮೇಲೆ ಅಲ್ಲಿಯವರೆಗೆ ಒಟ್ಟು ಎಷ್ಟು ಖರ್ಚಾಗಿದೆ ಅಂತ ಲೆಕ್ಕ ಹಾಕಿ, ಆ ಸಂಖ್ಯೆಯನ್ನು ಅಲ್ಲಿನ ರಿಜೆಕ್ಟ್ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ಡಬ್ಬಿಗೆ ಬೀಳುತ್ತಿರುವುದು ಏನು ಅಂತ ಎಲ್ಲರಿಗೂ ಗೊತ್ತಾಗಲಿ.

ಎರಡು ವಾರ ಬರೀ ಅಳತೆ

ಈ ಎರಡು ವಾರ ಏನನ್ನೂ ಸರಿಮಾಡಲು ಹೋಗಬೇಡಿ. ಪ್ರತಿ ಮಷೀನ್ ಪಕ್ಕ ಒಂದು ಕೆಂಪು ಡಬ್ಬಿ, ಒಂದು ಹಾಳೆ, ಒಂದು ಪೆನ್ನು ಇಡಿ. ರಿಜೆಕ್ಟ್ ಆದ ತುಂಡನ್ನು ಡಬ್ಬಿಗೆ ಹಾಕಿ, ಯಾಕೆ ಆಯಿತು ಅಂತ ಆಪರೇಟರ್ ತನ್ನ ಮಾತಿನಲ್ಲೇ ಒಂದು ಸಾಲು ಬರೆಯಲಿ. ಮಷೀನ್ ನಿಂತರೆ ಎಷ್ಟು ನಿಮಿಷ ನಿಂತಿತು, ಯಾಕೆ ನಿಂತಿತು ಅಂತಲೂ ಬರೆಯಲಿ. ಕಂಪ್ಯೂಟರ್, ಸಾಫ್ಟ್‌ವೇರ್ ಯಾವುದೂ ಬೇಡ. ಶಿಫ್ಟ್ ಮುಗಿದಾಗ ಸೂಪರ್‌ವೈಸರ್ ಡಬ್ಬಿ ತೂಗಿ, ತುಂಡು ಎಣಿಸಿ ಹಾಳೆ ಎತ್ತಿಟ್ಟುಕೊಂಡರೆ ಸಾಕು.

ಒಂದು ಮಾತು ಮಾತ್ರ ಮೊದಲೇ ಎಲ್ಲರನ್ನೂ ಕೂರಿಸಿಕೊಂಡು ಹೇಳಿ: ಈ ಹಾಳೆ ನೋಡಿ ಯಾರಿಗೂ ಬೈಯುವುದಿಲ್ಲ, ಯಾರ ಸಂಬಳವನ್ನೂ ಹಿಡಿಯುವುದಿಲ್ಲ. ಹೇಳಿದ ಮೇಲೆ ಹಾಗೆಯೇ ನಡೆದುಕೊಳ್ಳಿ. ಒಬ್ಬ ಆಪರೇಟರ್‌ಗೆ ಒಂದೇ ಒಂದು ಸಲ ಈ ಹಾಳೆ ಹಿಡಿದು ಬೈದರೂ ಮಾರನೇ ದಿನದಿಂದ ಕೆಟ್ಟ ತುಂಡುಗಳು ಮಷೀನ್ ಹಿಂದೆ, ಕಸದ ಬುಟ್ಟಿಯ ತಳದಲ್ಲಿ, ಒಳ್ಳೆ ತುಂಡುಗಳ ಮಧ್ಯೆ ಸೇರಿಕೊಳ್ಳುತ್ತವೆ. ಆಮೇಲೆ ನಿಮ್ಮ ಲೆಕ್ಕ ಚೆನ್ನಾಗಿ ಕಾಣುತ್ತದೆ, ಗ್ರಾಹಕರಿಂದ ದೂರು ಬರುತ್ತದೆ.

ರೀವರ್ಕ್ ಕೂಡ ಈ ಹಾಳೆಯಲ್ಲಿ ಬರಲೇಬೇಕು. ಉಜ್ಜಿ, ತಿದ್ದಿ, ಮತ್ತೆ ಬಣ್ಣ ಹೊಡೆದು ಮುಂದಕ್ಕೆ ಕಳಿಸಿದ್ದನ್ನು ಯಾರೂ ನಷ್ಟ ಅಂದುಕೊಳ್ಳುವುದಿಲ್ಲ, ಹಾಗಾಗಿ ಅದು ಲೆಕ್ಕಕ್ಕೇ ಸಿಗುವುದಿಲ್ಲ. ಐದು ಹಂತದ ಕೆಲಸದಲ್ಲಿ ಪ್ರತಿ ಹಂತದಲ್ಲೂ 95% ತುಂಡು ಮೊದಲ ಸಲಕ್ಕೇ ಸರಿಯಾಗಿ ಬರುತ್ತಿದೆ ಅಂದರೆ ಕೇಳಲು ಚೆನ್ನಾಗೇ ಇದೆ. ಗುಣಿಸಿ ನೋಡಿ. ಎಲ್ಲೂ ತಿದ್ದದೆ ಕೊನೆ ಮುಟ್ಟುವುದು ಸುಮಾರು 77% ಮಾತ್ರ. ಹತ್ತು ಹಂತ ಇದ್ದರೆ 60%. ಉಳಿದದ್ದೆಲ್ಲ ಒಂದೋ ಗುಜರಿ, ಇಲ್ಲವೇ ಎರಡು ಸಲ ಕೂಲಿ ಕೊಟ್ಟ ಮಾಲು.

ಎರಡು ವಾರ ಆದ ಮೇಲೆ ಕಾರಣಗಳನ್ನು ಖರ್ಚಿನ ಪ್ರಕಾರ ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ. ಎಣಿಕೆಯ ಪ್ರಕಾರ ಅಲ್ಲ. ಮೊದಲ ಹಂತದ 50 ತುಂಡಿಗಿಂತ ಕೊನೆಯ ಹಂತದ 5 ತುಂಡು ದುಬಾರಿ ಇರಬಹುದು. ಹೀಗೆ ಜೋಡಿಸಿದಾಗ ಸಾಮಾನ್ಯವಾಗಿ ಮೇಲಿನ ಎರಡು ಮೂರು ಕಾರಣಗಳೇ ನಷ್ಟದ ದೊಡ್ಡ ಪಾಲು ತಿನ್ನುತ್ತಿರುತ್ತವೆ. ಮೊದಲನೆಯದನ್ನು ಮಾತ್ರ ಕೈಗೆತ್ತಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಯಾವುದೂ ಮುಗಿಯುವುದಿಲ್ಲ.

ಕತ್ತರಿಸುವ ಮೊದಲೇ ಉಳಿಸಿ

ಕಚ್ಚಾ ಮಾಲಿನಲ್ಲಿ ಉಳಿಸಿದ್ದು ನೇರವಾಗಿ ದುಡ್ಡು, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ಇಲ್ಲಿ ಆಗುವ ನಷ್ಟಕ್ಕೆ ಯಾರ ತಪ್ಪೂ ಇರುವುದಿಲ್ಲ. ಡ್ರಾಯಿಂಗ್ ಹಾಗಿದೆ, ನಾವು ಹಾಗೇ ಕತ್ತರಿಸುತ್ತಿದ್ದೇವೆ, ಅಷ್ಟೇ.

6 ಮೀಟರ್ ಕಂಬಿಯಿಂದ 1100 ಮಿಲಿಮೀಟರ್ ತುಂಡುಗಳು ಬೇಕು. ಗರಗಸ ಪ್ರತಿ ಸಲ 3 ಮಿಲಿಮೀಟರ್ ತಿನ್ನುತ್ತದೆ. ಐದು ತುಂಡಿಗೆ 5515 ಹೋಯಿತು, ಉಳಿದದ್ದು 485. ಕಂಬಿಯ 8% ಹೀಗೆ ಮೂಲೆ ಸೇರುತ್ತದೆ. ಅದೇ ವಾರ ಬೇರೊಂದು ಆರ್ಡರ್‌ಗೆ 480 ಮಿಲಿಮೀಟರ್ ತುಂಡು ಬೇಕಿದ್ದರೆ? ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಬಹುತೇಕ ಏನೂ ಉಳಿಯುವುದಿಲ್ಲ. ಆದರೆ ಆರ್ಡರ್ ಬಂದ ಹಾಗೆ ಒಂದೊಂದೇ ಕಾಗದ ಕತ್ತರಿಸುವವನ ಕೈಗೆ ಹೋದರೆ ಇದು ಯಾವತ್ತೂ ಆಗುವುದಿಲ್ಲ. ವಾರದ ಎಲ್ಲ ಅಳತೆಗಳನ್ನು ಒಂದೇ ಹಾಳೆಯಲ್ಲಿ ಬರೆದು, ಉದ್ದದ್ದನ್ನು ಮೊದಲು ಕೂರಿಸಿ, ಉಳಿದ ಜಾಗಕ್ಕೆ ಸಣ್ಣದನ್ನು ಹೊಂದಿಸಿ ನೋಡಿ. ಇದಕ್ಕೆ ಸಾಫ್ಟ್‌ವೇರ್ ಕೂಡ ಇದೆ, ಆದರೆ ಮೊದಲ ತಿಂಗಳು ಪೆನ್ಸಿಲ್ ಸಾಕು. ಸರಬರಾಜು ಮಾಡುವವರನ್ನೂ ಕೇಳಿ. ನಿಮ್ಮ ತುಂಡಿಗೆ ಸರಿಹೊಂದುವ ಉದ್ದದ ಕಂಬಿ, ಸರಿಹೊಂದುವ ಅಗಲದ ಕಾಯಿಲ್ (ಸುರುಳಿ ಸುತ್ತಿದ ಹಾಳೆ) ಕೊಡುತ್ತೀರಾ ಅಂತ. ಎಷ್ಟೋ ಕಡೆ ಯಾರೂ ಕೇಳಿರುವುದೇ ಇಲ್ಲ.

ಹಾಳೆಯಿಂದ ದುಂಡು ತುಂಡು ಹೊಡೆಯುವವರಿಗೆ ಇನ್ನೊಂದು ವಿಷಯ. ವೃತ್ತಗಳನ್ನು ಚೌಕವಾಗಿ, ಸಾಲಿನ ಕೆಳಗೆ ಸಾಲು ನೇರವಾಗಿ ಇಟ್ಟರೆ, ಒಂದಕ್ಕೊಂದು ತಾಗಿಕೊಂಡಿದ್ದರೂ ಹಾಳೆಯಲ್ಲಿ ಬಳಕೆಯಾಗುವುದು 78.5% ಮಾತ್ರ. ಎರಡನೇ ಸಾಲನ್ನು ಅರ್ಧ ತುಂಡಿನಷ್ಟು ಪಕ್ಕಕ್ಕೆ ಸರಿಸಿ ಮೊದಲ ಸಾಲಿನ ಸಂದಿಗೆ ಕೂರಿಸಿದರೆ, ಅಂದರೆ ಜೇನುಗೂಡಿನ ಹಾಗೆ ಜೋಡಿಸಿದರೆ, ಅದು 90.7% ತನಕ ಹೋಗುತ್ತದೆ. ನಿಜವಾದ ಕೆಲಸದಲ್ಲಿ ತುಂಡುಗಳ ನಡುವೆ ಜಾಗ ಬಿಡಬೇಕು, ಅಂಚು ಬಿಡಬೇಕು, ಹಾಗಾಗಿ ಎರಡೂ ಸಂಖ್ಯೆ ಸ್ವಲ್ಪ ಇಳಿಯುತ್ತವೆ. ಆದರೂ ವ್ಯತ್ಯಾಸ ದೊಡ್ಡದೇ. ತುಂಡು ಹೊಡೆಯುವ ಅಚ್ಚು, ಅಂದರೆ ಡೈ ಮಾಡಿಸುವ ಮುಂಚೆ ಈ ಪ್ರಶ್ನೆ ಕೇಳಬೇಕು, ಮಾಡಿಸಿದ ಮೇಲೆ ಬದಲಿಸುವುದು ಕಷ್ಟ.

ಪ್ಲಾಸ್ಟಿಕ್ ಮೋಲ್ಡಿಂಗ್‌ನಲ್ಲಿ ರನ್ನರ್ (ಅಚ್ಚಿಗೆ ಪ್ಲಾಸ್ಟಿಕ್ ಹರಿಯುವ ದಾರಿಯಲ್ಲಿ ಉಳಿದು ಗಟ್ಟಿಯಾದ ಮಾಲು), ಬಣ್ಣ ಬದಲಿಸುವಾಗ ಹೊರಹಾಕುವ ಮಾಲು, ಶುರುವಿನ ಕೆಟ್ಟ ತುಂಡುಗಳು, ಇವನ್ನು ನೋಡಿ. ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಹೋಗುವ ಹಾಗೆ ದಿನದ ಕೆಲಸ ಜೋಡಿಸಿದರೆ ತೊಳೆಯಲು ಹಾಕುವ ಮಾಲು ಕಡಿಮೆಯಾಗುತ್ತದೆ. ಬಟ್ಟೆ, ಚರ್ಮ, ಮರ, ಎಲ್ಲಕ್ಕೂ ಕತ್ತರಿಸುವ ನಕ್ಷೆಯೇ ಮುಖ್ಯ.

ಜಾಸ್ತಿ ಮಾಡಿಟ್ಟುಕೊಳ್ಳುವುದೂ ಪೋಲೇ

ಜಪಾನಿನ ಕಾರು ಕಂಪನಿ ಟೊಯೋಟಾದ ಎಂಜಿನಿಯರ್ ತೈಚಿ ಓಹ್ನೋ ಕಾರ್ಖಾನೆಯ ಪೋಲುಗಳನ್ನು ಏಳು ಬಗೆ ಅಂತ ವಿಂಗಡಿಸಿದ್ದರು. ಬೇಕಾದ್ದಕ್ಕಿಂತ ಜಾಸ್ತಿ ತಯಾರಿಸುವುದು, ಕಾಯುತ್ತಾ ನಿಲ್ಲುವುದು, ಮಾಲನ್ನು ಅಲ್ಲಿಂದಿಲ್ಲಿಗೆ ಸಾಗಿಸುವುದು, ಬೇಕಿಲ್ಲದ ಕೆಲಸ ಮಾಡುವುದು, ದಾಸ್ತಾನು, ಜನರ ಅನಗತ್ಯ ಓಡಾಟ, ಕೆಟ್ಟ ಮಾಲು. ಇವುಗಳಲ್ಲಿ ಜಾಸ್ತಿ ತಯಾರಿಸುವುದೇ ಎಲ್ಲಕ್ಕಿಂತ ಕೆಟ್ಟದ್ದು ಅನ್ನುವುದು ಅವರ ಮಾತು, ಯಾಕಂದರೆ ಅದು ಉಳಿದ ಪೋಲುಗಳನ್ನು ಹುಟ್ಟಿಸುತ್ತದೆ, ಮುಚ್ಚಿಯೂ ಹಾಕುತ್ತದೆ.

ಮೊದಲು ಕೇಳಿದಾಗ ಇದು ಸರಿ ಅನಿಸುವುದಿಲ್ಲ. ಮಷೀನ್ ಖಾಲಿ ಇದೆ, ಆಳು ಇದ್ದಾನೆ, ಸುಮ್ನೆ ಯಾಕೆ ನಿಲ್ಲಿಸಬೇಕು, ಮಾಡಿಟ್ಟರೆ ಮುಂದೆ ಉಪಯೋಗಕ್ಕೆ ಬರುತ್ತದೆ ಅಲ್ವಾ? ಹೀಗೆ ನೋಡಿ. ಎರಡು ಮಷೀನ್‌ಗಳ ಮಧ್ಯೆ 2000 ತುಂಡು ಕಾಯುತ್ತಿವೆ. ಮುಂದಿನ ಮಷೀನ್ ದಿನಕ್ಕೆ 200 ತುಂಡು ಮುಗಿಸುತ್ತದೆ. ಅಂದರೆ ಇವತ್ತು ಮಾಡಿದ ತುಂಡು ಮುಂದಿನವನ ಕೈಗೆ ಸಿಗುವುದು 10 ದಿನ ಆದ ಮೇಲೆ. ಇವತ್ತು ಟೂಲ್ ಸವೆದು ಅಳತೆ ತಪ್ಪಲು ಶುರುವಾಗಿದ್ದರೆ ಅದು ಗೊತ್ತಾಗುವುದೂ 10 ದಿನ ಆದ ಮೇಲೆ. ಅಷ್ಟರಲ್ಲಿ ಇನ್ನೂ 2000 ತುಂಡು ಅದೇ ತಪ್ಪಿನಲ್ಲಿ ತಯಾರಾಗಿರುತ್ತವೆ. ಮಧ್ಯದಲ್ಲಿ 100 ತುಂಡು ಮಾತ್ರ ಇದ್ದಿದ್ದರೆ ಅರ್ಧ ದಿನದಲ್ಲಿ ಕೂಗು ಬರುತ್ತಿತ್ತು. ದಾಸ್ತಾನು ಕಡಿಮೆ ಮಾಡಿದರೆ ಗುಜರಿಯೂ ಕಡಿಮೆಯಾಗುವುದು ಹೀಗೆ.

ಮಾಡುವ ದಾರಿ ಸುಲಭ. ಎರಡು ಮಷೀನ್‌ಗಳ ನಡುವೆ ನೆಲದ ಮೇಲೆ ಬಣ್ಣದ ಚೌಕ ಬರೆಯಿರಿ. ಎರಡು ಟ್ರೇ ಹಿಡಿಸುವಷ್ಟು ಮಾತ್ರ. ಚೌಕ ತುಂಬಿದ್ದರೆ ಹಿಂದಿನ ಮಷೀನ್ ನಿಲ್ಲಬೇಕು. ಆ ಹೊತ್ತಿನಲ್ಲಿ ಆಪರೇಟರ್ ಮಷೀನ್ ಒರೆಸಲಿ, ಮುಂದಿನ ಮಾಲಿಗೆ ಮಷೀನ್ ಹೊಂದಿಸುವ ಸೆಟ್ಟಿಂಗ್‌ಗೆ ಟೂಲ್ ಹೊಂದಿಸಲಿ, ಮುಂದಿನವನಿಗೆ ಕೈ ಜೋಡಿಸಲಿ. ಮಷೀನ್ ನಿಂತಿರುವುದನ್ನು ನೋಡಲು ಮೊದಮೊದಲು ಸಂಕಟ ಆಗುತ್ತದೆ. ತಡೆದುಕೊಳ್ಳಿ. ಚೌಕ ಸಣ್ಣದಾದಷ್ಟೂ ಯಾವ ಮಷೀನ್ ಪದೇ ಪದೇ ಕೈಕೊಡುತ್ತದೆ ಅನ್ನುವುದು ಕಣ್ಣಿಗೆ ಬೀಳುತ್ತದೆ.

ಸೆಟ್ಟಿಂಗ್ ಸಮಯ ಇಳಿಸದೆ ಬ್ಯಾಚ್ ಇಳಿಸಲಾಗದು

ದೊಡ್ಡ ಬ್ಯಾಚ್ ಹಾಕಲು, ಅಂದರೆ ಒಂದೇ ಮಾಲನ್ನು ಒಮ್ಮೆಗೇ ತುಂಬಾ ಮಾಡಲು ಕಾರಣ ಸೆಟ್ಟಿಂಗ್. ಡೈ ಬದಲಿಸಲು ಎರಡು ಗಂಟೆ ಬೇಕಾದರೆ ಯಾರೂ ದಿನಕ್ಕೆ ಮೂರು ಸಲ ಬದಲಿಸುವುದಿಲ್ಲ. ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ 1969ರಲ್ಲಿ ಟೊಯೋಟಾದಲ್ಲಿ ಮಾಡಿದ ಕೆಲಸ ಈ ವಿಷಯದಲ್ಲಿ ಹೆಸರುವಾಸಿ. 1000 ಟನ್ ಪ್ರೆಸ್ಸಿನ ಸೆಟ್ಟಿಂಗ್ 4 ಗಂಟೆ ಹಿಡಿಯುತ್ತಿತ್ತು, ಅದನ್ನು ಮೊದಲು 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ಇಳಿಸಿದರು. ಅವರ ಮೂಲ ಯೋಚನೆ ಯಾವ ವರ್ಕ್‌ಶಾಪಿಗೂ ಹೊಂದುತ್ತದೆ: ಮಷೀನ್ ನಿಂತಾಗ ಮಾತ್ರ ಮಾಡಬಹುದಾದ ಕೆಲಸ ಯಾವುದು, ಮಷೀನ್ ಓಡುತ್ತಿರುವಾಗಲೇ ಮಾಡಿಡಬಹುದಾದ ಕೆಲಸ ಯಾವುದು ಅಂತ ಬೇರೆ ಮಾಡುವುದು.

ಒಂದು ಸೆಟ್ಟಿಂಗನ್ನು ಫೋನಿನಲ್ಲಿ ಶುರುವಿನಿಂದ ಕೊನೆಯವರೆಗೆ ವಿಡಿಯೊ ಮಾಡಿ. ಆಮೇಲೆ ಅದೇ ಸೆಟ್ಟರ್ ಜೊತೆ ಕೂತು ನೋಡಿ, ಸೂಪರ್‌ವೈಸರ್ ಒಬ್ಬನೇ ನೋಡಬಾರದು. ಸ್ಪ್ಯಾನರ್ ಹುಡುಕಿದ್ದು, ಡೈ ತರಲು ಟ್ರಾಲಿ ಕಾದಿದ್ದು, ಬೋಲ್ಟ್ ಉದ್ದ ಸಾಲದೆ ಬೇರೆ ತರಲು ಹೋದದ್ದು, ಫಸ್ಟ್ ಪೀಸ್ ತಪಾಸಣೆಗೆ ಕಳಿಸಿ ಸುಮ್ನೆ ನಿಂತಿದ್ದು, ಎಲ್ಲವೂ ಕಾಣುತ್ತದೆ. ಟೂಲ್, ಬೋಲ್ಟ್, ಗೇಜ್ ಎಲ್ಲ ಒಂದು ಟ್ರಾಲಿಯಲ್ಲಿ ಮೊದಲೇ ಬಂದಿರಲಿ. ಎಲ್ಲ ಬೋಲ್ಟಿಗೂ ಒಂದೇ ಸ್ಪ್ಯಾನರ್ ಸಾಲುವ ಹಾಗೆ ಮಾಡಿ. ಒಂದೊಂದೇ ತುಂಡು ಹೊಡೆದು ಅಳತೆ ಹೊಂದಿಸುವ ಬದಲು ಸ್ಟಾಪರ್ ಹಾಕಿ, ಹಳೆಯ ಸರಿಯಾದ ಸೆಟ್ಟಿಂಗ್‌ನ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಹೀಗೆ ಮಾಡಿದಾಗ ಸಮಯದ ಜೊತೆಗೆ ಹೊಂದಿಸಲು ಬಲಿಕೊಡುವ ತುಂಡುಗಳೂ ಉಳಿಯುತ್ತವೆ.

ಒಂದು ಎಚ್ಚರಿಕೆ. ಉಳಿಸಿದ ಸಮಯ ತಾನಾಗಿ ದುಡ್ಡಾಗುವುದಿಲ್ಲ. ಇಡೀ ಸಾಲಿನಲ್ಲಿ ಅತಿ ನಿಧಾನದ ಮಷೀನ್ ಯಾವುದೋ, ಕಾರ್ಖಾನೆಯಿಂದ ಹೊರಬೀಳುವ ಮಾಲು ಅದು ಮಾಡಿದಷ್ಟೇ. ಅಲ್ಲಿ 20 ನಿಮಿಷ ಉಳಿಸಿದರೆ, ಕೊಳ್ಳುವವರೂ ಇದ್ದರೆ, 20 ನಿಮಿಷದ ಮಾಲು ಜಾಸ್ತಿ ಬರುತ್ತದೆ. ಬೇರೆ ಮಷೀನಿನಲ್ಲಿ ಉಳಿಸಿದ ಸಮಯವನ್ನು ಬ್ಯಾಚ್ ಸಣ್ಣದು ಮಾಡಲು ಬಳಸಿ, ಇಲ್ಲವಾದರೆ ಅದು ಹಾಳೆಯ ಮೇಲಿನ ಉಳಿತಾಯ ಅಷ್ಟೇ. ಹಾಗೆಯೇ ಆ ನಿಧಾನದ ಮಷೀನಿಗೆ ಹೋಗುವ ಮೊದಲೇ ತುಂಡುಗಳನ್ನು ತಪಾಸಣೆ ಮಾಡಿ. ಮೊದಲೇ ಕೆಟ್ಟಿರುವ ತುಂಡಿಗೆ ಅದರ ಸಮಯ ಕೊಡಬೇಡಿ.

ಕೆಟ್ಟ ತುಂಡು ಸಿಕ್ಕಾಗ

ಯಾಕೆ ಅಂತ ಕೇಳುತ್ತಾ ಹೋಗಿ, ಐದು ಸಲವಾದರೂ. ತೂತು ಜಾಗ ತಪ್ಪಿದೆ. ಯಾಕೆ? ತುಂಡು ಅದನ್ನು ಹಿಡಿದಿಡುವ ಫಿಕ್ಸ್ಚರ್‌ನಲ್ಲಿ ಸರಿಯಾಗಿ ಕೂತಿರಲಿಲ್ಲ. ಯಾಕೆ? ಅಡಿಯಲ್ಲಿ ಲೋಹದ ಚೂರು ಸಿಕ್ಕಿಕೊಂಡಿತ್ತು. ಯಾಕೆ? ಆಪರೇಟರ್ ಒರೆಸಿರಲಿಲ್ಲ. ಬಹಳ ಕಡೆ ವಿಚಾರಣೆ ಇಲ್ಲಿಗೇ ನಿಲ್ಲುತ್ತದೆ, ಆಪರೇಟರ್‌ಗೆ ಬೈದು ಫೈಲ್ ಮುಚ್ಚುತ್ತಾರೆ. ಮುಂದೆ ಕೇಳಿ. ಯಾಕೆ ಒರೆಸಿರಲಿಲ್ಲ? ಪ್ರತಿ ತುಂಡಿಗೂ ಒರೆಸುತ್ತಾ ನಿಂತರೆ ಗಂಟೆಯ ಟಾರ್ಗೆಟ್ ಮುಟ್ಟುವುದಿಲ್ಲ. ಅಷ್ಟೊಂದು ಚೂರು ಅಲ್ಲೇ ಯಾಕೆ ಉಳಿಯುತ್ತದೆ? ಕೆಳಗೆ ಬೀಳಲು ಫಿಕ್ಸ್ಚರ್‌ನಲ್ಲಿ ದಾರಿಯೇ ಇಲ್ಲ. ಚೂರು ಜಾರಿಹೋಗಲು ಒಂದು ತೋಡು ಕೊರೆದರೆ ಮುಗಿಯಿತು, ಆಮೇಲೆ ಯಾರು ನಿಂತರೂ ತುಂಡು ಸರಿಯಾಗಿಯೇ ಕೂರುತ್ತದೆ.

ಸಾಧ್ಯವಾದಲ್ಲೆಲ್ಲ ತಪ್ಪು ಮಾಡಲು ಆಗದ ಹಾಗೆಯೇ ಮಾಡಿಬಿಡಿ. ತುಂಡನ್ನು ಉಲ್ಟಾ ಇಟ್ಟರೆ ಒಳಗೇ ಹೋಗದ ಹಾಗೆ ಒಂದು ಪಿನ್ನು ಸಾಕು. ಹಾಗೆಯೇ ತಪ್ಪು ಆದ ಕ್ಷಣ ಮಷೀನ್ ತಾನೇ ನಿಲ್ಲಬೇಕು. ಜಪಾನಿನ ಸಂಶೋಧಕ ಸಾಕಿಚಿ ಟೊಯೊಡಾ 1924ರಲ್ಲಿ ಹೊರತಂದ ಮಗ್ಗ ನೂಲು ಹರಿದ ತಕ್ಷಣ ತಾನಾಗಿ ನಿಲ್ಲುತ್ತಿತ್ತು, ಹಾಗಾಗಿ ಹರಿದ ನೂಲಿನಲ್ಲೇ ಗಜಗಟ್ಟಲೆ ಬಟ್ಟೆ ನೇಯ್ದು ಹಾಳಾಗುವುದು ತಪ್ಪಿತು. ಇಂದು ಅದೇ ಕೆಲಸವನ್ನು ಒಂದು ಸಣ್ಣ ಸೆನ್ಸರ್ ಮಾಡುತ್ತದೆ.

ಬೇಕಿಲ್ಲದ ಕೆಲಸದ ಬಗ್ಗೆಯೂ ಒಂದು ಮಾತು. ಒಳಗೆ ಮುಚ್ಚಿಹೋಗುವ ಮುಖಕ್ಕೆ ಬಫಿಂಗ್ (ಉಜ್ಜಿ ಹೊಳಪು ಕೊಡುವುದು), ಯಾರೂ ಕೇಳದ ಬಿಗಿ ಟಾಲರೆನ್ಸ್ (ಅಳತೆಯಲ್ಲಿ ಬಿಡುವ ಹೆಚ್ಚುಕಡಿಮೆ), ಮೂರು ಪದರ ಪ್ಯಾಕಿಂಗ್. ಬಿಗಿ ಟಾಲರೆನ್ಸ್ ಅಂದರೆ ರಿಜೆಕ್ಷನ್ ಜಾಸ್ತಿ ಅಂತಲೇ ಅರ್ಥ. ಗ್ರಾಹಕರ ಎಂಜಿನಿಯರ್ ಹತ್ತಿರ ಕೂತು ಈ ಅಳತೆ ಇಷ್ಟು ಬಿಗಿ ಬೇಕೇ ಅಂತ ಕೇಳಿ. ಹಳೆಯ ಡ್ರಾಯಿಂಗ್‌ನಿಂದ ಹಾಗೇ ಬಂದದ್ದು ಅಂತ ಅವರೇ ಸಡಿಲಿಸಲೂಬಹುದು. ಕೇಳದೆ ನೀವೇ ಸಡಿಲಿಸಬೇಡಿ.

ಕಂಪ್ರೆಸರ್ ಶಬ್ದ ಕೇಳಿಸಿಕೊಳ್ಳಿ

ಕರೆಂಟ್ ಪೋಲಿನಲ್ಲಿ ಮೊದಲು ಗಾಳಿ ಪೈಪು ನೋಡಿ. ಸರಿಯಾಗಿ ನೋಡಿಕೊಳ್ಳದ ಕಡೆ ಕಂಪ್ರೆಸರ್ ತಯಾರಿಸಿದ ಗಾಳಿಯಲ್ಲಿ 20ರಿಂದ 30% ಲೀಕ್‌ನಲ್ಲೇ ಹೋಗುವುದು ಸಾಮಾನ್ಯ. ಪರೀಕ್ಷೆ ಸುಲಭ. ರಜೆ ದಿನ ಗಾಳಿ ಬಳಸುವ ಎಲ್ಲ ಮಷೀನ್ ನಿಲ್ಲಿಸಿ ಕಂಪ್ರೆಸರ್ ಮಾತ್ರ ಓಡಿಸಿ. ಎಷ್ಟು ನಿಮಿಷ ಲೋಡ್‌ನಲ್ಲಿ (ಗಾಳಿ ತುಂಬುತ್ತಾ) ಓಡುತ್ತದೆ, ಎಷ್ಟು ನಿಮಿಷ ಅನ್‌ಲೋಡ್‌ನಲ್ಲಿ (ಗಾಳಿ ತುಂಬದೆ) ಇರುತ್ತದೆ ಅಂತ ನಾಲ್ಕೈದು ಸುತ್ತು ಗಡಿಯಾರ ಹಿಡಿದು ಬರೆದುಕೊಳ್ಳಿ. ಲೋಡ್ ಸಮಯವನ್ನು ಒಟ್ಟು ಸಮಯದಿಂದ ಭಾಗಿಸಿದರೆ ಲೀಕ್ ಪಾಲು ಸಿಗುತ್ತದೆ. 2 ನಿಮಿಷ ಲೋಡ್, 6 ನಿಮಿಷ ಅನ್‌ಲೋಡ್ ಇದ್ದರೆ ಕಂಪ್ರೆಸರ್ ಸಾಮರ್ಥ್ಯದ 25% ಸುಮ್ನೆ ಸೋರುತ್ತಿದೆ. ಆಮೇಲೆ ಸೋಪಿನ ನೀರು ಹಿಡಿದು ಪ್ರತಿ ಜಾಯಿಂಟ್ ನೋಡಿಕೊಂಡು ಬನ್ನಿ, ಸಿಕ್ಕ ಕಡೆ ಚೀಟಿ ಕಟ್ಟಿ, ವಾರದೊಳಗೆ ಸರಿಮಾಡಿ. ಒತ್ತಡವನ್ನೂ ನೋಡಿ. 7 ಬಾರ್ ಆಸುಪಾಸಿನಲ್ಲಿ 1 ಬಾರ್ ಇಳಿಸಿದರೆ ಕಂಪ್ರೆಸರ್ ಕರೆಂಟು ಸುಮಾರು 6ರಿಂದ 7% ಇಳಿಯುತ್ತದೆ. ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಮಷೀನ್‌ಗಳು ಸರಿಯಾಗಿ ಓಡುತ್ತಿವೆಯಾ ಅಂತ ನೋಡಿಕೊಳ್ಳಿ.

ಉಳಿದ ಗುಜರಿ ಮತ್ತು ಮುಂದಿನ ಅಳತೆ

ಎಷ್ಟೇ ಮಾಡಿದರೂ ಸ್ವಲ್ಪ ಗುಜರಿ ಉಳಿಯುತ್ತದೆ. ಅದನ್ನು ಬೆರೆಸಬೇಡಿ. ತಾಮ್ರ, ಅಲ್ಯೂಮಿನಿಯಂ, ಸ್ಟೇನ್‌ಲೆಸ್, ಸಾದಾ ಉಕ್ಕು ಒಂದೇ ರಾಶಿಯಲ್ಲಿದ್ದರೆ ಕೊಳ್ಳುವವರು ಎಲ್ಲಕ್ಕೂ ಕಡಿಮೆ ರೇಟೇ ಕಟ್ಟುತ್ತಾರೆ. ಮಷೀನ್ ಪಕ್ಕದಲ್ಲೇ ಬೇರೆ ಬೇರೆ ಬಣ್ಣದ ಡಬ್ಬಿ ಇಡಿ, ಆಮೇಲೆ ವಿಂಗಡಿಸುತ್ತೇವೆ ಅಂದರೆ ಆಗುವುದಿಲ್ಲ. ಎಣ್ಣೆ ಸೋರಿಹೋಗಲು ಜಾಲರಿ ಇಡಿ, ಆ ಎಣ್ಣೆಯೂ ಸೋಸಿದ ಮೇಲೆ ಬಳಕೆಗೆ ಬರಬಹುದು. ಉದ್ದ ತುಂಡುಗಳಿಗೆ ಒಂದು ರ‍್ಯಾಕ್ ಮಾಡಿ, ಪ್ರತಿಯೊಂದರ ಮೇಲೂ ಅಳತೆ ಮತ್ತು ಗ್ರೇಡ್ ಬರೆಯಿರಿ. ಗ್ರೇಡ್ ಗೊತ್ತಿಲ್ಲದ ತುಂಡನ್ನು ಯಾರೂ ಧೈರ್ಯವಾಗಿ ಬಳಸುವುದಿಲ್ಲ, ಬಳಸಲೂ ಬಾರದು.

ಸರಿಮಾಡಿದ ಪ್ರತಿ ಕೆಲಸದ ಹೊಸ ವಿಧಾನವನ್ನು ಒಂದು ಹಾಳೆಯಲ್ಲಿ ಚಿತ್ರ ಸಮೇತ ಮಷೀನ್ ಮೇಲೆ ಅಂಟಿಸಿ, ಇಲ್ಲವಾದರೆ ಆಳು ಬದಲಾದ ದಿನ ಹಳೆಯದೇ ವಾಪಸ್ ಬರುತ್ತದೆ. ಉಪಾಯ ಕೊಟ್ಟವರ ಹೆಸರನ್ನೂ ಅಲ್ಲೇ ಬರೆಯಿರಿ. ಉಳಿತಾಯದಲ್ಲಿ ಒಂದು ಪಾಲು ಅವರಿಗೆ ಹೋಗಲಿ. ದಿನಕ್ಕೆ ಎಂಟು ಗಂಟೆ ಆ ಮಷೀನ್ ಮುಂದೆ ನಿಲ್ಲುವವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ, ಇದನ್ನು ನಾನು ಮನಸಾರೆ ನಂಬುತ್ತೇನೆ.

ಮೂರು ತಿಂಗಳು ಬಿಟ್ಟು ಅದೇ ಎರಡು ವಾರದ ಅಳತೆಯನ್ನು ಅದೇ ಹಾಳೆಯಲ್ಲಿ ಮತ್ತೆ ಮಾಡಿ. ಆಗ ಗುಜರಿ ತೂಕವನ್ನು ಹಾಗೇ ಹೋಲಿಸಬೇಡಿ, ಉತ್ಪಾದನೆ ಏರಿದ್ದರೆ ತೂಕವೂ ಏರಿರುತ್ತದೆ. 100 ಕಿಲೋ ಒಳ್ಳೆ ಮಾಲು ಹೊರಗೆ ಹೋಗಲು ಎಷ್ಟು ಕಿಲೋ ಕಚ್ಚಾ ಮಾಲು ಒಳಗೆ ಬಂತು ಅನ್ನುವ ಸಂಖ್ಯೆಯನ್ನು ಹೋಲಿಸಿ. ಆಗ ಪಟ್ಟಿಯ ಮೇಲೆ ಬೇರೆ ಕಾರಣ ಬಂದಿರುತ್ತದೆ, ಅದನ್ನು ಕೈಗೆತ್ತಿಕೊಳ್ಳಿ.